ವಿಶ್ವವಿದ್ಯಾಲಯದ ಸ್ವತ್ತು

"ಹಲೋ… ಯಾರು ಮಾತಾಡ್ತಿರೋದು?… ಯಾರು? ಇನ್ನೊಂದ್ಸಲ ಹೇಳಿ, ಇಲ್ಲಿ ಮಷೀನಿನ ಸದ್ದು."

ಲಾಮಂಟ್ ಬಿಚ್ಚಿಟ್ಟ ಟೈರನ್ನು ಕಾಲಿನಿಂದಲೇ ಪಕ್ಕಕ್ಕೆ ತಳ್ಳಿ, ಫೋನನ್ನು ಕಿವಿಗೂ ಭುಜಕ್ಕೂ ನಡುವೆ ಸಿಕ್ಕಿಸಿಕೊಂಡು ಗ್ಯಾರೇಜಿನ ಹಿಂಬದಿಗೆ ನಡೆದ.

"ಡೀನ್ ವಿಟ್‌ಕಾಂಬ್? ಯೂನಿವರ್ಸಿಟಿಯಿಂದ್ಲೇ?… ಅಬ್ಬಾ, ಡೀನ್ ಸಾಹೇಬ್ರು! ಹೌದು ಸಾರ್, ನಾನೇ ಲಾಮಂಟ್, ರೋನಿಷಾಳ ಅಣ್ಣ. ಹೇಳಿ ಸಾರ್. ನಮ್ಮ ಹುಡುಗಿ ಕೋಣೆ ಬಾಗಿಲ ಮೇಲೆ ಆ ಹೊಲಸು ಬರೆದೋನು ಯಾರಂತ ಗೊತ್ತಾಯ್ತಾ?"

…

"ಓ, ಬರೆದಿದ್ದರ ವಿಷಯ ಅಲ್ಲ. ಬಾಗಿಲಿನ ವಿಷಯ. ಹಾಂ, ಹಾಂ. ನಮ್ಮ ಹತ್ರಾನೇ ಇದೆ ಸಾರ್. ಇಲ್ಲೇ, ಹಳೇ ಟೈರುಗಳ ಪಕ್ಕ ಗೋಡೆಗೆ ಒರಗಿಸಿದೀನಿ. ಆರೋಗ್ಯವಾಗಿದೆ. ಊಟ ಒಂದು ಮಾಡ್ತಿಲ್ಲ."

…

"ಕಳ್ಳತನ ಅಂತೀರಾ? ಹಾಡಹಗಲಲ್ಲಿ ಬಂದು ಬಿಚ್ಕೊಂಡು ಹೋದೆ ಸಾರ್. ನಿಮ್ಮ ಸೆಕ್ಯೂರಿಟಿಯವನೇ ಕೆಳಗಿನ ಗಾಜಿನ ಬಾಗಿಲು ಹಿಡಿದು ನಿಂತಿದ್ದ, ನನಗೆ ದಾರಿ ಆಗ್ಲಿ ಅಂತ. ಜೋಪಾನ ಅಂತಾನೂ ಅಂದ. ಅಂಗಿ ಮೇಲೆ ಹೆಸರು ಹೊಲಿಸ್ಕೊಂಡು, ಕೈಲಿ ಸ್ಕ್ರೂಡ್ರೈವರ್ ಹಿಡ್ಕೊಂಡು ನನ್ನಂಥ ಕರಿಯ ಬಂದ್ರೆ ನಿಮ್ಮಲ್ಲಿ ಯಾರೂ ಏನೂ ಕೇಳಲ್ಲ. ನನ್ನ ತಂಗಿ ಪುಸ್ತಕ ಹಿಡ್ಕೊಂಡು ಬಂದ್ರೆ ಮಾತ್ರ ಕಾರ್ಡ್ ತೋರ್ಸು ಅಂತಾರೆ, ಅಲ್ವಾ?"

…

"ಬೇಜಾರಾಯ್ತಾ? ಅಯ್ಯೋ ಪಾಪ."

…

"ಇಲ್ಲ, ನೀವೇನೂ ಮಾಡ್ಲಿಲ್ಲ ಅಂತ ನಾನೆಲ್ಲಿ ಅಂದೆ? ಇ-ಮೇಲ್ ಕಳ್ಸಿದ್ರಲ್ಲ, ಇಡೀ ಯೂನಿವರ್ಸಿಟಿಗೆ. ಘಟನೆಯೊಂದು ನಮ್ಮ ಗಮನಕ್ಕೆ ಬಂದಿದೆ ಅಂತ. ಯಾವ ಘಟನೆ, ಯಾರಿಗಾಯ್ತು, ಒಂದೂ ಇಲ್ಲ. ಓದಿದೋರು ಎಲ್ಲೋ ನಲ್ಲಿ ಕೆಟ್ಟಿರ್ಬೇಕು ಅಂದ್ಕೊಂಡ್ರಂತೆ. ಆಮೇಲೆ ಆ ಬರಹದ ಮೇಲೇ ಒಂದು ಪೋಸ್ಟರ್ ಅಂಟಿಸಿದ್ರಿ, 'ಇಲ್ಲಿ ಎಲ್ಲರೂ ನಮ್ಮವರೇ' ಅಂತ. ಎಷ್ಟು ಚೆಂದ! ಕೆಳಗೆ ಬೈಗುಳ, ಮೇಲೆ ಪ್ರೀತಿ."

…

"ನಾಯಿಗಳು? ಹಾಂ, ಬಂದಿದ್ವಂತೆ. ಮಕ್ಕಳ ಮನಸ್ಸು ಹಗುರ ಆಗ್ಲಿ ಅಂತ ಮುದ್ದಾಡೋಕೆ ಕರ್ಕೊಂಡು ಬಂದಿದ್ರಂತಲ್ಲ. ಒಳ್ಳೆ ನಾಯಿಗಳಂತೆ ಸಾರ್, ನಮ್ಮ ತಂಗಿ ಮಡಿಲಲ್ಲೇ ನಿದ್ದೆ ಹೋದ್ವಂತೆ. ಒಂದಕ್ಕಾದ್ರೂ ವಾಸನೆ ಹಿಡಿದು ಆ ಬರೆದೋನ ಕೋಣೆ ಮುಂದೆ ನಿಂತು ಬೊಗಳೋದು ಕಲಿಸಿದ್ರೆ ಎಷ್ಟು ಉಪಕಾರ ಆಗ್ತಿತ್ತು!"

…

"ಏನದು? ದುಂಡಗೆ ಕೂತು ಮಾತಾಡೋ ಸಭೆ? ಯಾವಾಗ?… ಗುರುವಾರ. ಡೋನಟ್ ಇರುತ್ತೆ. ಸರಿ… ಯಾರು ಬೇಕಾದ್ರೂ ಬರಬಹುದು. ಬರೆದೋನೂ?… ಹೆಸರು ಹೇಳ್ಬೇಕಾಗಿಲ್ಲ. ಅಂದ್ರೆ ಆ ನನ್ಮಗ ನನ್ನ ತಂಗಿ ಪಕ್ಕದ ಕುರ್ಚೀಲೇ ಕೂತು, ಅವಳು ಅಳೋದು ನೋಡಿ, ಡೋನಟ್ ತಿಂದು, ಕೈ ಒರೆಸ್ಕೊಂಡು ಎದ್ದು ಹೋಗ್ಬಹುದು. ಇದನ್ನ ಯೋಚ್ನೆ ಮಾಡೋಕೆ ಎಷ್ಟು ಜನಕ್ಕೆ ಸಂಬಳ ಕೊಡ್ತೀರಿ ಸಾರ್?"

…

"ನಾನು ಕೂಗ್ತಿಲ್ಲ. ನನ್ನ ದನಿಯೇ ಹೀಗೆ. ಹತ್ತನೇ ಕ್ಲಾಸಿಗೇ ಶಾಲೆಗೆ ಕೈಮುಗಿದು ಬಂದೋನು ನಾನು, ಮೆತ್ತಗೆ ಬೈಯೋದು ಕಲಿಯೋಕಾಗ್ಲಿಲ್ಲ."

…

"ಯಾಕೆ ಬಿಚ್ಚಿದೆ ಅಂತ ಈಗ ಕೇಳಿದ್ರಿ ನೋಡಿ, ಇದು ಪ್ರಶ್ನೆ. ಸೋಮವಾರ ಬಣ್ಣ ಬಳಿಯೋರು ಬರ್ತಾರೆ ಅಂತ ನೀವೇ ಹೇಳಿ ಕಳ್ಸಿದ್ರಲ್ಲ. ಹೋದ ವರ್ಷ ಎದುರು ಕೋಣೆ ಹುಡುಗಿಗೂ ಹೀಗೇ ಆಗಿತ್ತು. ಮೊದಲು ಬಣ್ಣ ಬಳಿದ್ರಿ, ಆಮೇಲೆ ತನಿಖೆ ಮಾಡಿದ್ರಿ, ಸಾಕ್ಷಿ ಸಿಗಲಿಲ್ಲ ಅಂತ ಕೈತೊಳ್ಕೊಂಡ್ರಿ. ಸಿಗಲಿಲ್ವಾ? ನಿಮ್ಮ ಬಣ್ಣದ ಕೆಳಗೇ ಇದೆ ಸಾರ್, ಕೆರೆದು ನೋಡಿ. ಆ ಹುಡುಗಿ ಓದು ಬಿಟ್ಟು ಊರಿಗೆ ಹೋದ್ಲು. ಅದಕ್ಕೇ ರೋನಿಷಾ ನನ್ನ ಕರೆದು, ಅಣ್ಣ, ಬಾಗಿಲು ಬಿಚ್ಚಿ ತಗೊಂಡೋಗು ಅಂದ್ಲು. ಹಾಂ, ಅವಳೇ ಅಂದಿದ್ದು."

…

"ಸಂಜೆಯೊಳಗೆ ಬಾಗಿಲು ಬರದಿದ್ರೆ?… ಏನಂದ್ರಿ?… ಅವಳ ಹಾಸ್ಟೆಲ್ ಜಾಗ ರದ್ದು?"

ಲಾಮಂಟ್‌ನ ಮುಖದ ಮೇಲಿದ್ದ ಕೊಂಕು ನಗೆ ಅಲ್ಲೇ ಒಣಗಿತು. ರೋನಿಷಾ ನರ್ಸಿಂಗ್ ಓದುತ್ತಿದ್ದಳು, ಎರಡನೇ ವರ್ಷ. ಟೋಲಿಡೊ ನಗರದ ಅವರ ಮನೆಯಿಂದ ಯೂನಿವರ್ಸಿಟಿ ಇದ್ದ ಊರು ದಿನಾ ಹೋಗಿ ಬರುವಷ್ಟು ಹತ್ತಿರವೂ ಇಲ್ಲ, ನೆಟ್ಟಗೆ ಬಸ್ಸೂ ಇಲ್ಲ. ಹಾಸ್ಟೆಲ್ ಹೋಯಿತೆಂದರೆ ಓದೂ ಹೋದ ಹಾಗೆಯೇ. ಇದು ಅವನಿಗೂ ಗೊತ್ತಿತ್ತು, ಆ ಕಡೆಯ ಮೆತ್ತನೆ ದನಿಯವನಿಗೂ ಗೊತ್ತಿತ್ತು.

"ಮತ್ತೆ ಬರೆದೋನ ಹಾಸ್ಟೆಲ್ ಜಾಗ?… ಯಾರಂತ ಗೊತ್ತಿಲ್ಲ. ಹಾಂ. ಅವನು ಯಾರಂತ ಗೊತ್ತಿಲ್ಲ, ಅದಕ್ಕೆ ಆರಾಮಾಗಿ ಮಲಗ್ಲಿ. ಇವಳು ಯಾರಂತ ಗೊತ್ತು, ಅದಕ್ಕೆ ಗಂಟುಮೂಟೆ ಕಟ್ಲಿ. ಎರಡು ವಾರ ಅವಳು ನಿಮಗೆ ಫೋನ್ ಮಾಡಿ ಮಾಡಿ ಸುಸ್ತಾದ್ಲು, ಎತ್ತಿದ್ದು ಬರೀ ರೆಕಾರ್ಡಿಂಗ್ ಮಷೀನು. ಮೊನ್ನೆ ಬಾಗಿಲು ಕಾಣೆಯಾಯ್ತು, ಇವತ್ತು ಡೀನೇ ಲೈನಲ್ಲಿ! ನಮ್ಮಮ್ಮ ಅವಳನ್ನ ಹುಡುಗಿ ಮಾಡಿ ಹೆತ್ತು ತಪ್ಪು ಮಾಡಿದ್ಲು ಸಾರ್. ಬಾಗಿಲು ಮಾಡಿ ಹೆರಬೇಕಿತ್ತು."

…

"ಸುರಕ್ಷತೆ? ಯಾರ ಸುರಕ್ಷತೆ? ಬಾಗಿಲಿಲ್ಲದ ಕೋಣೇಲಿ ಆ ಹುಡುಗಿ ಹೇಗೆ ಮಲಗ್ತಿದಾಳೆ ಅಂತ ಇಷ್ಟು ಹೊತ್ತಲ್ಲಿ ಒಂದ್ಸಲ ಕೇಳಿದ್ರಾ?… ಕೇಳ್ಲಿಲ್ಲ ಅಲ್ವಾ? ನಾನೇ ಹೇಳ್ತೀನಿ. ಅವಳ ಗೆಳತಿಯರು ಹೊಸ್ತಿಲಲ್ಲೇ ಹಾಸಿಗೆ ಹಾಸ್ಕೊಂಡು ಸರದಿ ಮೇಲೆ ಮಲಗ್ತಿದಾರೆ. ನಿಮ್ಮ ಬಾಗಿಲಿಗಿಂತ ಗಟ್ಟಿ ಹುಡುಗೀರು. ಈ ಎರಡು ರಾತ್ರಿ ಚೆನ್ನಾಗಿ ನಿದ್ದೆ ಬಂತು ಅಣ್ಣ ಅಂದ್ಲು."

…

"ತಡೀರಿ. ಇಡಬೇಡಿ. ಒಂದು ಮಾತು ಕೇಳ್ತೀನಿ. ನೀವು ಅದನ್ನ ಓದಿದೀರಾ?… ವರದಿ ಅಲ್ಲ ಸಾರ್, ಬಾಗಿಲು. ಬಾಗಿಲ ಮೇಲಿರೋದು… ವರದೀಲಿ ಏನಂತಿದೆ?… 'ಅನುಚಿತ ಬರಹ'. ಅಷ್ಟೇನಾ?… ಅಷ್ಟೇ."

ಅವನು ಗೋಡೆಯ ಬಳಿಗೆ ನಡೆದ. ಮಷೀನಿನ ಸದ್ದು ನಿಂತಿತ್ತು. ಎದುರಿಗೆ ನೀಲಿ ಬಾಗಿಲು, ಅದರ ಮೇಲೆ ಪೋಸ್ಟರ್ ಕಿತ್ತ ಗುರುತಿನ ನಡುವೆ ದಪ್ಪ ಕಪ್ಪು ಅಕ್ಷರಗಳು. ಟ್ರಕ್ಕಿನಿಂದ ಇಳಿಸಿದ ದಿನ ಒಮ್ಮೆ ಓದಿದ್ದವನು ಮತ್ತೆ ಆ ಕಡೆ ತಿರುಗಿ ನೋಡಿರಲಿಲ್ಲ.

"ಸಾರ್, ಹೀಗೆ ಮಾಡೋಣ. ಬಾಗಿಲು ನಾನೇ ತರ್ತೀನಿ, ಸಂಜೆಯೊಳಗೆ. ಕೀಲು ಕೂರಿಸಿ, ಸ್ಕ್ರೂ ಹಾಕಿ ಕೊಡ್ತೀನಿ. ಅವಳ ಜಾಗ ಅವಳಿಗಿರ್ಲಿ. ಅದಕ್ಕೆ ಮುಂಚೆ ಇದರ ಮೇಲಿರೋದನ್ನ ನಿಮಗೆ ಓದಿ ಹೇಳ್ತೀನಿ. ಪೂರ್ತಿ. ನೀವು ಕೊನೇವರೆಗೂ ಕೇಳ್ಬೇಕು. ಅಷ್ಟೇ. ಬೇರೆ ಏನೂ ಬೇಡ ನನಗೆ."

…

"ಯಾಕೆ ಬೇಡ?… ಕರೆ ರೆಕಾರ್ಡ್ ಆಗ್ತಿದೆ, ಹಾಂ, ಒಳ್ಳೇದಾಯ್ತಲ್ಲ!… ನಿಯಮ? ಯಾವ ನಿಯಮ?… ಅಂಥ ಪದ ಈ ಫೋನಲ್ಲಿ ಬಂದ್ರೆ ಕರೆ ನಿಲ್ಲಿಸ್ಬೇಕು. ಯಾರೇ ಆಡಿದ್ರೂ. ದ್ವೇಷದ ಮಾತಿಗೆ ನಿಮ್ಮಲ್ಲಿ ಜಾಗ ಇಲ್ಲ… ಹಹ್ಹಾ! ಇದೆ ಸಾರ್, ಇತ್ತು, ಮೂರನೇ ಮಹಡೀಲಿ, ಎಡಗಡೆ ಕೋಣೆ ಬಾಗಿಲ ಮೇಲೆ. ಜಾಗ ಇಲ್ದೇ ಇರೋದು ನಿಮ್ಮ ಕಿವೀಲಿ ಮಾತ್ರ!"

…

"ಅವಳು ಒಬ್ಬಳೇ ನಿಂತು ಓದಿದ್ಲು. ಹತ್ತೊಂಬತ್ತು ವರ್ಷದ ಹುಡುಗಿ, ಕೈಲಿ ಒಗೆದ ಬಟ್ಟೆ ಬುಟ್ಟಿ ಹಿಡ್ಕೊಂಡು. ನಿಮಗೆ ಕೂತು ಕೇಳೋಕಾಗಲ್ವಾ? ಓದ್ತೀನಿ. ಮೊದಲನೇ ಸಾಲು. ಅವಳ ಹೆಸರಿದೆ. ರೋನಿಷಾ. ಪೂರ್ತಿ ಬರೆದಿದಾನೆ, ಅಂದ್ರೆ ಗೊತ್ತಿರೋನೇ. ಎರಡನೇ ಸಾಲು. ಕೇಳಿಸ್ಕೊಳ್ತಿದೀರಾ? 'ಕರೀ…'"

…

"ಹಲೋ?… ಸಾರ್?… ಇನ್ನೂ ಇದೆ ಸಾರ್, ಮುಗಿದಿಲ್ಲ… ಹಲೋ?"