ನಾಲ್ಕು ಸಸಿಯ ಪಟ್ಟಿ

ಬೇರಿನ ಕೆಸರನ್ನು ನೀರಲ್ಲಿ ಜಾಡಿಸಿ ಸಸಿಯ ಕಟ್ಟು ಕಟ್ಟುತ್ತಿದ್ದ ಮಹಾಲಕ್ಷ್ಮಿಯ ಕೈ ಅರ್ಧಕ್ಕೇ ನಿಂತಿತು. ಮಳೆ ಜೋರಾಯಿತು. ಭತ್ತದ ನಾಟಿಗೆಂದು ಸಂತೆಕಲ್ಲೂರಿನಿಂದ ಗೊರೇಬಾಳಕ್ಕೆ ಆಟೋದಲ್ಲಿ ಬಂದಿದ್ದ ಹನ್ನೊಂದು ಹೆಂಗಸರೂ ಪಂಪಿನ ಮನೆಯೊಳಗೆ ಒತ್ತಿ ನಿಂತರು. ಕಟ್ಟು ಅವಳ ಕೈಯಲ್ಲೇ ಇತ್ತು.

ಗುಂಪಿನ ಯಜಮಾನಿ ಶಾಕೀರಾ ನಿನ್ನೆಯ ಮಾತನ್ನೇ ಮತ್ತೆ ತೆಗೆದಳು. "ಒಂದಾಳು ಕಡಿಮಿ ಬೀಳಾಕತ್ತೈತಿ ಲಕ್ಷ್ಮೀ. ನಾಳೆ ನಿನ್ನ ಮಗಳು ದೀಪಾನ್ನ ಅರ್ಧ ಆಳಂತ ಕರ್ಕೊಂಡು ಬಾ. ನಾಲ್ಕು ದಿನಕ್ಕ ಸಾಲಿ ಎಲ್ಲಿ ಓಡಿ ಹೋಗ್ತೈತಿ?"

"ನಾನೂ ಹಿಂಗ ಅಂದಿದ್ದೆ," ಎಂದಳು ಪಾರ್ವತೆಮ್ಮ. ಎಲ್ಲರಿಗಿಂತ ಹಿರಿಯಳು, ದನಿಯಲ್ಲಿ ಏರಿಳಿತವಿರಲಿಲ್ಲ. "ಕೊರೊನಾ ಬಂದು ಸಾಲಿ ಬಾಗಿಲ ಹಾಕಿದ ವರ್ಷ. ಪಾಠ ಎಲ್ಲಾ ಫೋನಿನಾಗ ಅಂದ್ರು, ಫೋನ್ ಎಲ್ಲಿಂದ ತರೂದು? ಮೊಮ್ಮಗಳು ಸುರೇಖಾಗ ಹನ್ನೆರಡು. ಕರ್ಕೊಂಡು ಬಂದೆ... ಸಣ್ಣ ಕೈ. ನಾವು ಹಿಂದ ಸರಕೋತ ಆರು ಸಸಿ ಅಗಲದ ಪಟ್ಟಿ ಹಚ್ಚಿದ್ರ ಅಕಿದು ನಾಲ್ಕಽ. ಜಡಿಗೆ ಕಟ್ಟೋ ರಿಬ್ಬನ್ ಬಿಟ್ಟಂಗ ಕಾಣ್ತಿತ್ತು. ಸಾಲಿ ತೆರೀತು... ಈ ನಾಟಿ ಮುಗೀಲಿ ಅಂದೆ, ಕಳೆ ಮುಗೀಲಿ ಅಂದೆ. ಮಾಸ್ತರು ಎರಡು ಸಲ ಬಂದ್ರು, ಮೂರನೇ ಸಲ ಬರಲಿಲ್ಲ. ಸಾಲಿ ಬಿಟ್ಟ ಹುಡುಗಿನ್ನ ಎಷ್ಟು ದಿನ ಮನ್ಯಾಗ ಇಟ್ಕೋತಾರ? ಹದಿನೈದಕ್ಕ ಲಗ್ನ, ಹದಿನಾರಕ್ಕ ಹೆರಿಗ್ಯಾಗ ಹೋದ್ಲು. ಕೂಸೂ ಉಳೀಲಿಲ್ಲ... ಆ ಕೊರೊನಾ ನಮ್ಮ ಮನ್ಯಾಗ ಒಬ್ಬರಿಗೂ ಬಂದಿದ್ದಿಲ್ಲ, ನೋಡ್ರಿ."

ತಗಡಿನ ಮೇಲೆ ಮಳೆ ಬಡಿಯುತ್ತಿತ್ತು.

"ಸತ್ತ ವರ್ಷನಽ ಸುರೇಖಾ ನಾಟಿಗೆ ಬಂದ್ಲು. ಹನ್ನೆರಡು ವರ್ಷದಾಕಿ ಆಗಿ. ಕಣ್ಣಿಗೆ ಕಾಣಲ್ಲ... ಸಂಜಿಮುಂದ ಪಟ್ಟಿ ಎಣಿಸಿದ್ರ ಆಳಿಗಿಂತ ಒಂದು ಹೆಚ್ಚು. ನಾಲ್ಕು ಸಸಿದು."

"ಪುಗಸಟ್ಟೆ ಆಳು ಸಿಕ್ಕಂಗಾತಲ್ಲ ಬೇ," ಎಂದಳು ಶಾಕೀರಾ. ಪಾರ್ವತೆಮ್ಮ ಮುಂದುವರಿಸಿದಳು.

"ಆದ್ರ ಅಕಿಗೆ ಒಬ್ಬಾಕಿನಽ ಹಚ್ಚಾಕ ಬ್ಯಾಸರ. ಬಗಲಿಗೆ ನಾಲ್ಕು ಸಸಿ ಅಗಲ ಜಾಗ ಖಾಲಿ ಬಿಡ್ತಾಳ. ಹೋದ ವರ್ಷ ಬಿಟ್ಟಿದ್ಲು, ಮರುದಿನ ಗೋಪಣ್ಣನ ಮಗಳು ಅರ್ಧ ಆಳಾಗಿ ಬಂದ್ಲು. ತಿರುಗಿ ಸಾಲಿಗೆ ಹೋದ್ಲೇನು? ಮೊನ್ನೆ ಲಗ್ನ ನಿಶ್ಚಯ ಆತು..." ಪಾರ್ವತೆಮ್ಮ ಒದ್ದೆ ಸೆರಗು ಹಿಂಡಿದಳು. "ಇವತ್ತೂ ಬಿಟ್ಟಾಳ. ಮಹಾಲಕ್ಷ್ಮಿ ಪಟ್ಟಿ ಬಗಲಿಗೆ. ಮಳಿ ನಿಂದರ್‍ಲಿ, ಹೋಗಿ ನೋಡ್ರಿ."

ಮಳೆ ನಿಂತಿತು. ಮಹಾಲಕ್ಷ್ಮಿ ಗದ್ದೆಗಿಳಿದಳು. ಮುಂಜಾನೆ ತಾನು ಹಚ್ಚಿದ ಆರು ಸಸಿಯ ಪಟ್ಟಿ. ಅದರಾಚೆ ನಾಲ್ಕು ಸಸಿ ಅಗಲದಷ್ಟು ಬರೀ ಕೆಸರು, ನೀರು ನಿಂತಿತ್ತು. ಅದರಾಚೆ ನಾಲ್ಕೇ ಸಸಿಯ ಹಸಿರು. ಹೆದರಿಕೆಯಾಗಲಿ ಅಳುವಾಗಲಿ ಬರಲಿಲ್ಲ. ದೀಪಾಳ ಹಳೆಯ ಚೂಡಿದಾರವನ್ನು ನಾಳೆ ಕೆಸರಿಗೆಂದು ಗೂಟಕ್ಕೆ ತೂಗುಹಾಕಿ ಬಂದದ್ದು ನೆನಪಾಯಿತು.

ಕೈಯಲ್ಲಿದ್ದ ಕಟ್ಟು ಬಿಚ್ಚಿ, ಬಗ್ಗಿ, ಖಾಲಿ ಜಾಗದಲ್ಲಿ ನಾಲ್ಕು ನಾಲ್ಕರಂತೆ ಹಚ್ಚುತ್ತ ಹಿಂದೆ ಸರಿದಳು. ಬಗಲಲ್ಲಿ ಸಣ್ಣಗೆ ನೀರು ಕಲಕಿದ ಸದ್ದಾಯಿತು. ಅವಳು ತಲೆ ಎತ್ತಲಿಲ್ಲ.

"ಅದನ್ನ ನಾಳೆ ದೀಪಾ ಹಚ್ಚಲಿ ಬಿಡಬೇ," ಬದುವಿನಿಂದ ಶಾಕೀರಾ ಕೂಗಿದಳು.

"ಹೂಂ," ಎಂದಳು ಮಹಾಲಕ್ಷ್ಮಿ, ಹಚ್ಚುವುದನ್ನು ನಿಲ್ಲಿಸದೆ.

ಮನೆಗೆ ಹೋದವಳೇ ಆ ಚೂಡಿದಾರವನ್ನು ಹರಿದು ನೆಲ ಒರೆಸುವ ಬಟ್ಟೆ ಮಾಡಬೇಕು ಎಂದುಕೊಂಡಳು.