ಕ್ಯಾತಪ್ಪನ ಟೋಕನ್ನು

ಕತ್ತಲಾಗಿತ್ತು... ನಮ್ಮ ಪಕ್ಕದ್ಮನೆ ಚಿಕ್ಕರಾಜು ಸಂತೆ ಮುಗಿಸ್ಕೊಂಡು ಅಣ್ಣ ಕ್ಯಾತಪ್ಪನ ಹಿಂದೆ ಬರ್ತಿದ್ದ. ಕುಡಿದವ್ನೆ ಅಂತ ಅಣ್ಣ ಸಂತೇಲಿ ಎಲ್ಲರೆದುರಿಗೂ ಕಪಾಳಕ್ಕೆ ಬಾರಿಸಿದ್ದ. ಆ ಉರಿ ಇನ್ನೂ ಆರಿರಲಿಲ್ಲ. ಹಾಳುಬಾವಿ ಹತ್ರ ಬರ್ತಿದ್ದಂಗೆ, ಕುರಿಗೆ ಸೊಪ್ಪು ಕಡಿಯೋ ಮಚ್ಚನ್ನ ಹಿಂದಿನಿಂದ ತಲೆಗೇ ಇಳಿಸ್ದ. ಕಚಕ್... ಹಸೀ ಕೊಂಬೆ ಕಡಿದಂಗೆ.

"ಲೇ ರಾಜೂ..." ಅಂತ ಅಣ್ಣ ಅವನ ಕೈ ಹಿಡಿದು ಹೆಬ್ಬೆರಳು ಕಚ್ಚಿದ. ಬಿಡಲೇ ಇಲ್ಲ. ಚಿಕ್ಕರಾಜು ಮತ್ತೆ ಮತ್ತೆ ಏಟು ಹಾಕಿ, ಒದ್ದು ಬಾವಿಗೆ ಕೆಡವಿದ. ದುಡುಂ... ಆಮೇಲೆ ಸದ್ದಿಲ್ಲ.

"ಅಣ್ಣ ಕುರಿ ನೋಡೋಕೆ ಪಾವಗಡದ ಕಡೆ ಹೋದ" ಅಂತ ಅತ್ತಿಗೆ ಹೊನ್ನಕ್ಕನಿಗೆ ಹೇಳ್ದ. ಪಾಪ, ನಂಬಿದ್ಲು.

ಆದ್ರೆ ನಾಕೇ ದಿನಕ್ಕೆ ಅಣ್ಣ ಕಚ್ಚಿದ ಬೆರಳು ಕೊಳೀತು. ಅಂಗೈಯೆಲ್ಲ ಕರ್ರಗಾಯ್ತು. "ಕೈಯೇ ಹೋಗ್ಬುಡುತ್ತೆ ಕಣಪ್ಪ, ಕೊರಟಗೆರೆಗೆ ಹೋಗು" ಅಂತ ಅತ್ತಿಗೇನೇ ಕಳಿಸಿದ್ಲು.

ಕ್ಲಿನಿಕ್ಕಿನ ಬಾಗಿಲಲ್ಲೇ ಮಿಷನ್ನು. ಫೋನ್ ನಂಬರ್ ಒತ್ತಿದ್ರೆ ಹೆಸರು ಬರ್ತದೆ, ಹೆಸರು ಮುಟ್ಟಿದ್ರೆ ಟೋಕನ್ ಚೀಟಿ. ನಮ್ಮ ಕಡೆ ಮನೆಗೆಲ್ಲ ಒಂದೇ ನಂಬರು ತಾನೆ? ಮೇಲೆ ಅಣ್ಣನ ಹೆಸರು, ಕೆಳಗೆ ಇವನದು. ಅಣ್ಣನ ಬಿಪಿ ಮಾತ್ರೆಗೆ ಬಂದಾಗೆಲ್ಲ ಮೇಲಿನದನ್ನ ಮುಟ್ಟೋನು ಇವನೇ. ಅದೇ ರೂಢಿ... ಇವತ್ತೂ ಅದನ್ನೇ ಮುಟ್ಬುಟ್ಟ.

ಕರ್ರ್... ಚೀಟಿ ಬಂತು. ಸ್ಪೀಕರ್ ಕೂಗ್ತು: "ಕ್ಯಾತಪ್ಪ... ಒಳಗೆ ಬನ್ನಿ."

ಚೀಟಿ ತಿರುಗಿಸಿ ನೋಡ್ದ, ಅಣ್ಣನ ಹೆಸರೇ. ಹಾಳಾಗ್ಲಿ, ಅವನ ಹೆಸರಲ್ಲೇ ತೋರಿಸ್ಕೊಂಡ್ರಾಯ್ತು ಅಂತ ಎದ್ದ. ಅಷ್ಟರಲ್ಲಿ ಯಾರೋ ಪಕ್ಕದಲ್ಲೇ ದಾಟಿ ಹೋದಂಗಾಯ್ತು. ಪಚ್... ಪಚ್... ನೀರು ತುಂಬಿದ ಚಪ್ಪಲಿ ಸದ್ದು. ಡಾಕ್ಟರ ಬಾಗಿಲು ತಾನಾಗೇ ತೆರೀತು, ಮುಚ್ಕೊಳ್ತು.

ಒಳಗೆ ಕತ್ತರಿ ಟಕ್... ಟಕ್ ಅಂತು. ಯಾರೋ ನರಳಿದ್ರು. ಆ ದನಿ ಇವನಿಗೆ ಗೊತ್ತಿಲ್ವೇ?

ನರ್ಸ್ ಲಾವಣ್ಯ ಹೊರಗೆ ಇಣುಕಿ ಮೆಲ್ಲಗೆ ಕೇಳಿದ್ಲು: "ಕ್ಯಾತಪ್ಪನ ಜೊತೆ ಬಂದೋರು ಯಾರು? ಹೊಲಿಗೆ ಹಾಕ್ಬೇಕು, ತಲೆ ಹಿಡ್ಕೊಳ್ಳಿ ಬನ್ನಿ... ತಮ್ಮನೇ ಬರ್ಬೇಕಂತೆ."

ಅಲ್ಲಿಂದ ಎದ್ದೆನೋ ಬಿದ್ದೆನೋ ಅಂತ ಓಡಿಬಂದವ್ನು ಅತ್ತಿಗೆ ಕಾಲಿಗೆ ಬಿದ್ದ. "ನಾನೇ ಕೊಂದೆ ಅತ್ತಿಗೆ... ಬಾವೀಲವ್ನೆ!"

ಹೊನ್ನಕ್ಕ ಒನಕೆ ಎತ್ತಿದ್ಲು. ಜನ ಬಂದು ಬಿಡಿಸೋ ಹೊತ್ತಿಗೆ ಆ ಕೈ ಜಜ್ಜಿ ಮುದ್ದೆಯಾಗಿತ್ತು. ಕೊನೆಗೆ ಆಸ್ಪತ್ರೇಲಿ ಮೊಣಕೈಗೇ ಕತ್ತರಿಸಿದ್ರು.

ಬೆಳಿಗ್ಗೆ ಪೊಲೀಸರು ಹೆಣ ಎತ್ತಿಸಿದ್ರು. ಹಗ್ಗ ಎಳೆದ ನರಸಿಂಹರಾಜು ಈಗ್ಲೂ ಊರಲ್ಲೇ ಅವ್ನೆ, ಹೋಗಿ ಕೇಳಿ. ಸುಳ್ಳಾದ್ರೆ ನನ್ನ ನಾಲಿಗೆ ಸೇದೋಗ್ಲಿ. ಹೆಣ ನೆಂದು ಊದ್ಕೊಂಡಿತ್ತು. ತಲೆಗೆ ಆಗ್ಲೇ ಯಾರೋ ಹೊಲಿಗೆ ಹಾಕಿ ಬಿಳೀ ಬ್ಯಾಂಡೇಜು ಸುತ್ತಿದ್ರು.

ಬ್ಯಾಂಡೇಜು ಒಣಗಿತ್ತು.