ಹಾಲುಕ್ಕಿಸುವ ಜಾಗ

೧೯೯೬ರಲ್ಲಿ ಅಟ್ಲಾಂಟಾದ ದೇವಸ್ಥಾನವೊಂದರಲ್ಲಿ ಪುರೋಹಿತರಿಗಾಗಿ ಕಾಯುತ್ತಿದ್ದೆ. ನನ್ನ ಮುಂದೆ ಮೈಸೂರಿನ ಕಡೆಯ ಗಂಡಹೆಂಡತಿ. ಹತ್ತಿರದ ಮರಿಯೆಟ್ಟಾದಲ್ಲಿ ಕೊಂಡ ಮನೆಯ ಗೃಹಪ್ರವೇಶಕ್ಕೆ ದಿನ ಕೇಳಲು ಬಂದವರು.

“ರೀ, ನಮ್ಮನೆ ಜಾಗ ಚೆರೊಕಿಗಳದ್ದಂತೆ. ನಮ್ಮ ಮಗಳು ಸ್ಫೂರ್ತಿ ಸ್ಕೂಲ್ ಪ್ರಾಜೆಕ್ಟ್‌ಗೆ ಮ್ಯಾಪ್ ಮಾಡಿದ್ಳಲ್ಲ, ಅದ್ರಲ್ಲಿತ್ತು.”

“ಇಲ್ಲಿನ ಮೂಲದ ಜನ ತಾನೆ? ನೂರೈವತ್ತು ವರ್ಷದ ಹಿಂದಿನ ಮಾತು ಕಣೇ. ಮಾರಿ ಹೋಗಿರ್ತಾರೆ.”

“ಮಾರ್ಲಿಲ್ಲ. ಸರ್ಕಾರ ಲಾಟರಿ ಎತ್ತಿ ಬಿಳಿಯರಿಗೆ ಹಂಚ್ತಂತೆ.”

“ಬೇರೆಯವರ ಜಮೀನನ್ನ ಲಾಟರೀಲಾ? ಕೋರ್ಟಿಗೆ ಹೋಗ್ಬೇಕಿತ್ತು!”

“ಕೇಸ್ ಹೋಗಿತ್ತು. ಅವ್ರ ಜಾಗದಲ್ಲಿ ಈ ಜಾರ್ಜಿಯಾ ರಾಜ್ಯದ ಕಾನೂನು ನಡೆಯಲ್ಲ ಅಂತ ಸುಪ್ರೀಂ ಕೋರ್ಟೇ ಹೇಳ್ತು.”

“ಮತ್ತೆ? ಗೆದ್ರಲ್ಲ!”

“ಪ್ರೆಸಿಡೆಂಟ್ ಕ್ಯಾರೇ ಅನ್ಲಿಲ್ಲ. ಕೆಲವು ವರ್ಷಕ್ಕೆ ಸೋಲ್ಜರ್ಸ್ ಬಂದು, ಊಟಕ್ಕೆ ಕೂತೋರನ್ನೂ ಎಬ್ಬಿಸಿ, ದನ ಹೊಡ್ಕೊಂಡು ಹೋದ ಹಾಗೆ ಹೊಡ್ಕೊಂಡು ಹೋದ್ರಂತೆ.”

“ಊಟಕ್ಕೆ ಕೂತೋರನ್ನಾ?”

“ಒಲೆ ಇನ್ನೂ ಉರೀತಿತ್ತೋ ಏನೋ. ಅಲ್ಲೇ ನಾನು ಹಾಲುಕ್ಕಿಸ್ಬೇಕಲ್ರೀ.”

ಅಷ್ಟರಲ್ಲಿ ಪುರೋಹಿತರು ಬಂದು ಪಂಚಾಂಗ ಬಿಡಿಸಿದರು.

“ಶುಕ್ರವಾರ ದಿವ್ಯವಾಗಿದೆ. ಜಾಗಕ್ಕೆ ಹಿಂದೆ ತಕರಾರು ಗಿಕರಾರು ಇರ್ಲಿಲ್ಲ ತಾನೆ? ಇದ್ರೆ ಒಂದು ಶಾಂತಿ ಮಾಡ್ಸೋಣ.”

“ಏನಿಲ್ಲ,” ಎಂದರು ಗಂಡ. “ಟೈಟಲ್ ಕ್ಲಿಯರ್ ಇದೆ.”

“ಕೇಸಿತ್ತು ಶಾಸ್ತ್ರಿಗಳೇ,” ಎಂದರು ಆಕೆ. “ಗೆದ್ದೋರನ್ನೇ ಓಡ್ಸಿದ್ರು. ಅದಕ್ಕೆ ಯಾವ ಶಾಂತಿ?”

ಉತ್ತರಕ್ಕೆ ಕಾಯದೆ ಚಪ್ಪಲಿ ಬಿಟ್ಟ ಕಡೆಗೆ ನಡೆದುಬಿಟ್ಟರು. ಗಂಡ ದಿನ ಗೊತ್ತುಮಾಡದೆ ಹಿಂದೆಯೇ ಹೋದರು.